ಕಾರ್ಡಿನಲ್ಲಿ ವಯಸ್ಸಿನ ಸಾಲು ಇರಲಿಲ್ಲ: ಡಬ್ಲ್ಯುಡಬ್ಲ್ಯುಇ ಒಡೆಯರಿಗೆ ಬಹಿರಂಗ ಪತ್ರ

ಟಿಕೆಒ ಗ್ರೂಪ್ ಹೋಲ್ಡಿಂಗ್ಸ್ ಆಡಳಿತ ಮಂಡಳಿಗೂ ಅದರ ಕೈಕೆಳಗಿನ ಡಬ್ಲ್ಯುಡಬ್ಲ್ಯುಇ ವ್ಯವಸ್ಥಾಪಕರಿಗೂ,

ನಮಸ್ಕಾರ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದು, ಗೊತ್ತು. ಆದರೆ 2025ರ ಏಪ್ರಿಲ್‌ನಿಂದ ನಿಮ್ಮ ಕುಸ್ತಿ ನಮ್ಮ ದೇಶದಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬರುತ್ತಿದೆ, ಅದಕ್ಕೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇನೆ. ದುಡ್ಡು ಎಣಿಸಿಕೊಳ್ಳುವಾಗ ಭಾಷೆ ಅಡ್ಡ ಬಾರದಿದ್ದರೆ ದೂರು ಕೇಳುವಾಗಲೂ ಬರಬಾರದು. ಅನುವಾದಕರೊಬ್ಬರನ್ನು ಹುಡುಕಿಕೊಳ್ಳಿ, ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಬರೆಯಲು ಕಾರಣ ಒಂದು ಬಿಸ್ಕತ್ತಿನ ಡಬ್ಬಿ. ದಸರಾ ರಜೆಗೆ ದಾವಣಗೆರೆಯ ಮನೆಗೆ ಹೋದಾಗ ಅಟ್ಟದ ಮೇಲೆ ಸಿಕ್ಕಿತು. ಒಳಗೆ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಡಬ್ಲ್ಯುಡಬ್ಲ್ಯುಎಫ್ (ಆಗ ನಿಮ್ಮ ಹೆಸರು ಅದು) ಟ್ರಂಪ್ ಕಾರ್ಡುಗಳ ಕಟ್ಟು. ತೊಂಬತ್ತರ ದಶಕದಲ್ಲಿ ಇಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ನಿಮಗಾಗಿ ಹೇಳುತ್ತೇನೆ. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಕುಸ್ತಿಪಟುವಿನ ಚಿತ್ರ, ಕೆಳಗೆ ಅವನ ರ‍್ಯಾಂಕ್, ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ. ಯಾರ ಅಂಕಿ ದೊಡ್ಡದೋ ಅವರಿಗೆ ಎದುರಾಳಿಯ ಕಾರ್ಡು. ಯೊಕೊಜುನಾ ಕೈಗೆ ಬಂದರೆ ಕಣ್ಣು ಮುಚ್ಚಿಕೊಂಡು ‘ತೂಕ’ ಎನ್ನಬಹುದಿತ್ತು. ಐನೂರು ಪೌಂಡು ದಾಟಿದವನನ್ನು ಸೋಲಿಸುವ ಕಾರ್ಡು ಆ ಕಟ್ಟಿನಲ್ಲಿರಲಿಲ್ಲ. ಅಕ್ಕನ ಮಗ, ಹತ್ತು ವರ್ಷದವನು, ಒಂದೊಂದನ್ನೇ ತಿರುಗಿಸಿ ನೋಡುತ್ತ ಕೇಳಿದ: “ಮಾಮ, ಇವರೆಲ್ಲ ಈಗ ಎಲ್ಲಿದ್ದಾರೆ?”

ನೆಲದ ಮೇಲೆ ಎರಡು ಗುಡ್ಡೆ ಮಾಡತೊಡಗಿದೆ. ಯೊಕೊಜುನಾ, 2000ದಲ್ಲಿ ಲಿವರ್‌ಪೂಲಿನ ಹೋಟೆಲ್ ಕೋಣೆಯಲ್ಲಿ ಸತ್ತಾಗ 34 ವರ್ಷ. ಬ್ರಿಟಿಷ್ ಬುಲ್‌ಡಾಗ್, 2002, 39 ವರ್ಷ. ಮಿಸ್ಟರ್ ಪರ್ಫೆಕ್ಟ್ ಎನಿಸಿಕೊಂಡಿದ್ದ ಕರ್ಟ್ ಹೆನ್ನಿಗ್, 2003, 44. ಬಿಗ್ ಬಾಸ್ ಮ್ಯಾನ್, 2004, 41. ಬ್ಯಾಮ್ ಬ್ಯಾಮ್ ಬಿಗೆಲೊ, 2007, 45. ಅದೇ ವರ್ಷ ಕ್ರಷ್, 43. ರಿಕ್ ರೂಡ್, 1999, 40. ಓವನ್ ಹಾರ್ಟ್, ಅದೇ 1999, 34. ಐವತ್ತು ಮುಟ್ಟದೆ ಹೋದವರ ಗುಡ್ಡೆ ಏರುತ್ತಲೇ ಇತ್ತು. ಹುಡುಗ ಮಾತು ನಿಲ್ಲಿಸಿದ. ತೋಳಿನ ಅಳತೆಯನ್ನು ಇಂಚಿನ ಲೆಕ್ಕದಲ್ಲಿ ಅಚ್ಚು ಹಾಕಿದ್ದ ಆ ಕಾರ್ಡುಗಳಲ್ಲಿ ವಯಸ್ಸಿನ ಸಾಲೇ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗಲೇ.

ಇದು ನನ್ನ ಕಟ್ಟಿನ ದುರದೃಷ್ಟವಲ್ಲ. 2004ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಮರಣೋತ್ತರ ಪರೀಕ್ಷೆಯ ವರದಿಗಳನ್ನೂ ಪೊಲೀಸ್ ದಾಖಲೆಗಳನ್ನೂ ತೆರೆದು ಲೆಕ್ಕ ಹಾಕಿತು: 1997ರಿಂದ ಅಲ್ಲಿಯವರೆಗೆ 45 ದಾಟದ ಕನಿಷ್ಠ 65 ವೃತ್ತಿಪರ ಕುಸ್ತಿಪಟುಗಳು ತೀರಿಕೊಂಡಿದ್ದರು. ಅವರಲ್ಲಿ 25 ಮಂದಿ ಹೃದಯದ ತೊಂದರೆಯಿಂದ ಹೋದವರು.

ನಮ್ಮ ದೊಡ್ಡಪ್ಪ ಗರಡಿಯಲ್ಲಿ ಬೆಳೆದವರು, ರಾಜ್ಯ ಮಟ್ಟದಲ್ಲಿ ಕುಸ್ತಿ ಹಿಡಿದವರು. ನಾವು ಟೆನ್ ಸ್ಪೋರ್ಟ್ಸ್ ಹಾಕಿದಾಗಲೆಲ್ಲ “ಅದೆಲ್ಲ ನಾಟಕ, ಬಂದ್ ಮಾಡಿ” ಎಂದು ಗದರುತ್ತಿದ್ದರು. ಆಗ ನಮ್ಮ ಬಳಿ ಉತ್ತರವಿರಲಿಲ್ಲ. ಗೆಲ್ಲುವವನು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಆದರೆ ಮರದ ಹಲಗೆಗಳ ಮೇಲೆ ತೆಳ್ಳಗೆ ಫೋಮ್ ಹಾಸಿ ಕ್ಯಾನ್ವಾಸ್ ಬಿಗಿದ ನೆಲಕ್ಕೆ ಬೆನ್ನು ಅಪ್ಪಳಿಸುವುದನ್ನು ಯಾರೂ ನಟಿಸಲಾರರು. ಗರಡಿಯ ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಅಲ್ಲಿ ಒಮ್ಮೆ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ನಿಮ್ಮಲ್ಲಿ ಬೀಳುವುದೇ ಕಸುಬು. ಇಂದು ಈ ಊರಿನಲ್ಲಿ ಬಿದ್ದು, ರಾತ್ರಿಯೆಲ್ಲ ಕಾರು ಓಡಿಸಿ, ನಾಳೆ ಇನ್ನೊಂದು ಊರಿನಲ್ಲಿ ಬೀಳಬೇಕು. ಆ ನೋವಿಗೆ ಮಾತ್ರೆ, ಮಾತ್ರೆಯ ಮಂಪರು ಇಳಿಸಲು ಮತ್ತೊಂದು ಮಾತ್ರೆ, ನಿದ್ದೆಗೆ ಮದ್ಯ, ಕಾರ್ಡಿನ ಮೇಲಿನ ಆ ತೋಳಿಗೆ ಸ್ಟೆರಾಯ್ಡ್.

ನಾಟಕ ಎಂಬ ಮಾತನ್ನು ದೊಡ್ಡಪ್ಪನಿಗಿಂತ ಮೊದಲು ಆಡಿದವರು ನೀವೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1989ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ನಿಮ್ಮ ಕಂಪನಿ ಇದು ಸ್ಪರ್ಧೆಯಲ್ಲ, ಪ್ರೇಕ್ಷಕರ ಮನರಂಜನೆಗಾಗಿ ನಡೆಯುವ ಪ್ರದರ್ಶನ ಎಂದು ಒಪ್ಪಿಕೊಂಡಿತು. ದಶಕಗಳ ಕಾಲ ಕಾಪಾಡಿಕೊಂಡು ಬಂದಿದ್ದ ಗುಟ್ಟನ್ನು ಬಿಟ್ಟುಕೊಟ್ಟದ್ದು ಸತ್ಯದ ಮೇಲಿನ ಪ್ರೀತಿಯಿಂದೇನಲ್ಲ. ಕ್ರೀಡೆ ಎಂದರೆ ರಾಜ್ಯದ ಪರವಾನಗಿ ಬೇಕು, ತೆರಿಗೆ ಕಟ್ಟಬೇಕು, ರಿಂಗಿಗೆ ಇಳಿಯುವ ಮುನ್ನ ವೈದ್ಯರು ನಾಡಿ ನೋಡಬೇಕು. ಮನರಂಜನೆ ಎಂದರೆ ಈ ರಗಳೆ ಇಲ್ಲ. ತೆರಿಗೆಯವನನ್ನು ಹೊರಗೆ ಕಳಿಸುವಾಗ ಅದೇ ಬಾಗಿಲಿನಿಂದ ವೈದ್ಯನೂ ಹೊರಟುಹೋದ.

ಆಮೇಲೆ ಸ್ಟೆರಾಯ್ಡ್ ಹಗರಣ ಬಂತು. 1991ರಲ್ಲಿ ನಿಮ್ಮ ಕುಸ್ತಿಪಟುಗಳಿಗೆ ಸ್ಟೆರಾಯ್ಡ್ ಪೂರೈಸುತ್ತಿದ್ದ ವೈದ್ಯನೊಬ್ಬನಿಗೆ ಶಿಕ್ಷೆಯಾಯಿತು, 1994ರಲ್ಲಿ ನಿಮ್ಮ ಅಂದಿನ ಯಜಮಾನ ವಿನ್ಸ್ ಮೆಕ್‌ಮಹನ್ ಅವರೇ ಕಟಕಟೆ ಹತ್ತಿ ಖುಲಾಸೆಯಾಗಿ ಬಂದರು. ಆ ಬಿಸಿಯಲ್ಲಿ ಮಾದಕ ವಸ್ತುಗಳ ತಪಾಸಣೆ ಶುರುವಾಗಿತ್ತು. 1996ರಲ್ಲಿ ಅದನ್ನು ಕೈಬಿಟ್ಟಿರಿ. ಮತ್ತೆ ಸಮಗ್ರ ತಪಾಸಣೆ ಬಂದದ್ದು 2006ರಲ್ಲಿ. ನಡುವಿನ ಹತ್ತು ವರ್ಷಗಳನ್ನು ಹಿಡಿದು ನನ್ನ ಗುಡ್ಡೆಯ ತಾರೀಖುಗಳನ್ನು ಇನ್ನೊಮ್ಮೆ ನೋಡಿ. 1997ರ ಅಕ್ಟೋಬರ್ 5ರಂದು ಮಿನ್ನೆಸೋಟದ ಹೋಟೆಲಿನಲ್ಲಿ ಬ್ರಯನ್ ಪಿಲ್‌ಮನ್ ಹೃದಯ ನಿಂತು ಸತ್ತಾಗ ಅವರಿಗೆ 35 ವರ್ಷ; ಅವತ್ತು ರಾತ್ರಿ ನಿಮ್ಮ ದೊಡ್ಡ ಕಾರ್ಯಕ್ರಮವೊಂದಿತ್ತು. ಸತ್ತವರಲ್ಲಿ ಹಲವರು ಆ ಹೊತ್ತಿಗೆ ನಿಮ್ಮ ಸಂಬಳದ ಪಟ್ಟಿಯಲ್ಲಿ ಇರಲಿಲ್ಲ ಎಂದು ನೀವು ಹೇಳುವಿರಿ. ಇರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಓವನ್ ಹಾರ್ಟ್ ವಿಷಯದಲ್ಲಿ ಮಾತ್ರೆಯನ್ನೂ ಸ್ಟೆರಾಯ್ಡನ್ನೂ ದೂರುವಂತಿಲ್ಲ. 1999ರ ಮೇ 23, ಕನ್ಸಾಸ್ ಸಿಟಿಯ ಕೆಂಪರ್ ಅರೀನಾ. ‘ಬ್ಲೂ ಬ್ಲೇಜರ್’ ಎಂಬ ಗೇಲಿಯ ವೇಷದಲ್ಲಿ ಅವರು ಛಾವಣಿಯಿಂದ ಹಗ್ಗದಲ್ಲಿ ಇಳಿದುಬರಬೇಕಿತ್ತು. ರಿಂಗಿನ ಹತ್ತಿರ ಬಂದಾಗ ಹಗ್ಗದಲ್ಲಿ ಸಿಕ್ಕಿಕೊಂಡವರಂತೆ ಒದ್ದಾಡಿ, ಕೊಂಡಿ ಬಿಚ್ಚಿಕೊಂಡು ಮುಖಡಿಯಾಗಿ ಬೀಳಬೇಕು, ಜನ ನಗಬೇಕು. ಆ ನಗುವಿಗಾಗಿ ಥಟ್ಟನೆ ಬಿಚ್ಚಿಕೊಳ್ಳುವ ಕೊಂಡಿ ಹಾಕಿದ್ದರು. ಅದು ಮೇಲೆಯೇ ಬಿಚ್ಚಿಕೊಂಡಿತು. 78 ಅಡಿ. ಮನೆಯಲ್ಲಿ ಟಿವಿ ನೋಡುತ್ತಿದ್ದವರಿಗೆ ಆ ಕ್ಷಣ ಮೊದಲೇ ಚಿತ್ರೀಕರಿಸಿದ ತುಣುಕು ಕಾಣುತ್ತಿತ್ತು. ಇದು ಆಟದ ಭಾಗವಲ್ಲ ಎಂದು ನಿರೂಪಕ ಜಿಮ್ ರಾಸ್ ಮತ್ತೆ ಮತ್ತೆ ಹೇಳಿದರು, ಕೊನೆಗೆ ಸಾವಿನ ಸುದ್ದಿಯನ್ನೂ ಅವರೇ ಹೇಳಬೇಕಾಯಿತು. ಆದರೆ ಅಲ್ಲೇ ಕುರ್ಚಿಗಳಲ್ಲಿ ಕೂತಿದ್ದ ಸಾವಿರಾರು ಜನರಿಗೆ ಯಾರೂ ಹೇಳಲಿಲ್ಲ. ಓವನ್ ಅವರನ್ನು ಹೊತ್ತೊಯ್ದ ಮೇಲೆ ಅದೇ ರಿಂಗಿನಲ್ಲಿ ಉಳಿದ ಪಂದ್ಯಗಳು ಒಂದಾದ ಮೇಲೊಂದು ನಡೆದವು. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ದಿನ ಓಣಿಯಲ್ಲೊಂದು ಸಾವಾದರೆ ತೇರನ್ನೇ ತಡೆದು ನಿಲ್ಲಿಸುತ್ತಾರೆ. ಆ ರಾತ್ರಿ ನಿಮ್ಮಲ್ಲಿ ತೇರು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಕುಟುಂಬ ಮೊಕದ್ದಮೆ ಹೂಡಿತು, 2000ದಲ್ಲಿ 1.8 ಕೋಟಿ ಡಾಲರ್ ಕೊಟ್ಟು ರಾಜಿಯಾದಿರಿ. ಆ ದುಡ್ಡಿನ ಒಂದು ಭಾಗದಿಂದ ಪತ್ನಿ ಮಾರ್ಥಾ ಗಂಡನ ಹೆಸರಿನಲ್ಲಿ ದತ್ತಿ ಸಂಸ್ಥೆ ಕಟ್ಟಿದರು. ನಿಮ್ಮ ಹಾಲ್ ಆಫ್ ಫೇಮ್‌ಗೆ ಗಂಡನ ಹೆಸರು ಸೇರಿಸಲು ಅವರು ಇಂದಿಗೂ ಒಪ್ಪಿಲ್ಲ. ಅದೊಂದೇ ಅವರ ಕೈಯಲ್ಲಿ ಉಳಿದಿದ್ದ ಉತ್ತರ.

ಓವನ್ ಸತ್ತ 1999ರ ಜನವರಿಯಲ್ಲಿ ಮಿಕ್ ಫೋಲಿಯ ಕೈಗಳನ್ನು ಬೆನ್ನ ಹಿಂದೆ ಬೇಡಿ ಹಾಕಿ ಬಿಗಿದು, ದಿ ರಾಕ್ ಕಬ್ಬಿಣದ ಕುರ್ಚಿಯಿಂದ ತಲೆಗೆ ಮತ್ತೆ ಮತ್ತೆ ಬಾರಿಸಿದ ಪಂದ್ಯವನ್ನು ನಾವು ಸಿಡಿಯಲ್ಲಿ ತರಿಸಿಕೊಂಡು ನೋಡಿದ್ದೆವು. ಎಷ್ಟು ಏಟು ಎಂದು ಎಣಿಸಿದ್ದೆವು. ಖುಷಿಪಟ್ಟಿದ್ದೆವು. ಈ ಪತ್ರದಲ್ಲಿ ನಿಮ್ಮ ಮೇಲೆ ಹೊರಿಸುವುದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಬರೆಯದೆ ಮುಂದೆ ಹೋಗಲಾರೆ.

2005ರ ನವೆಂಬರ್ 13ರಂದು ಮಿನ್ನಿಯಾಪೊಲಿಸ್‌ನ ಹೋಟೆಲಿನಲ್ಲಿ ನಿಮ್ಮ ಕುಸ್ತಿಪಟು ಎಡ್ಡಿ ಗೆರೆರೊ ಸತ್ತರು. 38 ವರ್ಷ. ಹಲ್ಲುಜ್ಜುವ ಬ್ರಷ್ ಹಿಡಿದೇ ಬಿದ್ದಿದ್ದರಂತೆ. ಅವರು ಕುಡಿತವನ್ನೂ ಮಾತ್ರೆಗಳನ್ನೂ ಬಿಟ್ಟು ನಾಲ್ಕು ವರ್ಷವಾಗಿತ್ತು; ರಕ್ತನಾಳಗಳು ಮಾತ್ರ ಹಳೆಯ ಬಾಕಿಯನ್ನು ಮನ್ನಾ ಮಾಡಿರಲಿಲ್ಲ. ಈ ಸಾವು ನಿಮ್ಮನ್ನು ಅಲುಗಾಡಿಸಿತು. 2006ರ ಫೆಬ್ರವರಿಯಲ್ಲಿ ‘ಟ್ಯಾಲೆಂಟ್ ವೆಲ್‌ನೆಸ್’ ಕಾರ್ಯಕ್ರಮ ಬಂತು. ಮಾದಕ ವಸ್ತು ತಪಾಸಣೆಯ ಜೊತೆಗೆ ಹೃದಯದ ಪರೀಕ್ಷೆ. ಮೊದಲ ತಪ್ಪಿಗೆ 30 ದಿನ ಅಮಾನತು, ಎರಡನೆಯದಕ್ಕೆ 60 ದಿನ, ಮೂರನೆಯದಕ್ಕೆ ಮನೆಗೆ. ಇದು ಬರೀ ಕಾಗದದ ಕಾರ್ಯಕ್ರಮವಾಗಿರಲಿಲ್ಲ. 2007ರಲ್ಲಿ ಎಂವಿಪಿ ಎಂಬ ಕುಸ್ತಿಪಟುವಿನ ಹೃದಯ ಬಡಿತದ ಜನ್ಮಜಾತ ದೋಷ ಪತ್ತೆಯಾದದ್ದು ಈ ಪರೀಕ್ಷೆಯಿಂದಲೇ. ಆತ ಚಿಕಿತ್ಸೆ ಪಡೆದು ಮತ್ತೆ ಕುಸ್ತಿ ಆಡಿದರು. ಹತ್ತು ವರ್ಷ ಮೊದಲು ಇದೇ ಪರೀಕ್ಷೆ ಇದ್ದಿದ್ದರೆ ನನ್ನ ಗುಡ್ಡೆಯಿಂದ ಎಷ್ಟು ಕಾರ್ಡು ಈಚೆಗೆ ಬರುತ್ತಿದ್ದವೋ.

ತೂತುಗಳೂ ಇದ್ದವು. ಅಮೆರಿಕದ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಅವರ ಸಮಿತಿ ನಿಮ್ಮವರನ್ನು ಕೂರಿಸಿ ವಿಚಾರಿಸಿದಾಗ ಹೊರಬಂದ ಸಂಗತಿ: ಮೊದಲ ವರ್ಷ ತಪಾಸಣೆ ನಡೆಯುತ್ತದೆಂದು ಮುನ್ಸೂಚನೆ ಕೊಟ್ಟ ಮೇಲೂ ಶೇಕಡಾ 40ರಷ್ಟು ಕುಸ್ತಿಪಟುಗಳ ದೇಹದಲ್ಲಿ ಸ್ಟೆರಾಯ್ಡ್ ಅಥವಾ ಬೇರೆ ಮಾದಕ ವಸ್ತು ಸಿಕ್ಕಿತ್ತು. 2007ರ ಆಗಸ್ಟ್‌ನಲ್ಲಿ ಅಂತರಜಾಲದ ಔಷಧ ಅಂಗಡಿಯೊಂದರ ಗ್ರಾಹಕರ ಪಟ್ಟಿ ತನಿಖೆಗಾರರ ಕೈಗೆ ಸಿಕ್ಕಿದಾಗ ಒಮ್ಮೆಗೇ ಹತ್ತು ಜನರನ್ನು ಅಮಾನತು ಮಾಡಬೇಕಾಯಿತು.

ಆ ಆಗಸ್ಟ್‌ಗೆ ಮುಂಚೆ ಜೂನ್ ಬಂದಿತ್ತು. ಜಾರ್ಜಿಯಾದ ಫಯೆಟ್‌ವಿಲ್‌ನ ಮನೆಯಲ್ಲಿ ನಿಮ್ಮ ಕುಸ್ತಿಪಟು ಕ್ರಿಸ್ ಬೆನ್ವಾ ತನ್ನ ಹೆಂಡತಿ ನ್ಯಾನ್ಸಿಯನ್ನೂ ಏಳು ವರ್ಷದ ಮಗ ಡೇನಿಯಲ್‌ನನ್ನೂ ಕೊಂದು ತಾನೂ ಸತ್ತ. ಶವಗಳು ಸಿಕ್ಕ ಜೂನ್ 25ರ ರಾತ್ರಿ ನೀವು ಅವನಿಗಾಗಿ ಮೂರು ಗಂಟೆಗಳ ಶ್ರದ್ಧಾಂಜಲಿ ಪ್ರಸಾರ ಮಾಡಿದಿರಿ, ಸತ್ಯ ತಿಳಿದ ಮರುದಿನ ಆ ಹೆಸರನ್ನೇ ಅಳಿಸಿಹಾಕಿದಿರಿ. ಅವನ ಮಿದುಳನ್ನು ಪರೀಕ್ಷಿಸಿದ ವೈದ್ಯರು ಅದು ಮರೆವಿನ ಕಾಯಿಲೆಯ 85 ವರ್ಷದ ಮುದುಕನ ಮಿದುಳಿನಂತಿದೆ ಎಂದರು. ಅವನಿಗಾಗ 40. ತಲೆಗೆ ಬಿದ್ದ ಪೆಟ್ಟುಗಳು ವರ್ಷಗಟ್ಟಲೆ ಕೂಡಿ ಮಿದುಳನ್ನು ತಿನ್ನುವ ಈ ಕಾಯಿಲೆಗೆ ಸಿಟಿಇ ಎಂದು ಹೆಸರು. ಮಿದುಳು ಹಾಳಾಗಿತ್ತು ಎಂಬ ಕಾರಣಕ್ಕೆ ಆ ಮಗುವಿನ ಕೊಲೆ ಹಗುರವಾಗುವುದಿಲ್ಲ. ನಾನು ಆ ವಾದಕ್ಕೆ ಇಳಿಯುವುದೂ ಇಲ್ಲ. ಆದರೆ ಪರೀಕ್ಷೆಗೆ ಮಿದುಳನ್ನು ಕೊಡಿ ಎಂದು ಅವನ ತಂದೆಯನ್ನು ಕೇಳಿದ್ದು ನಿಮ್ಮಲ್ಲೇ ಕುಸ್ತಿ ಆಡಿದ್ದ ಹಾರ್ವರ್ಡ್ ಪದವೀಧರ ಕ್ರಿಸ್ ನೊವಿನ್ಸ್ಕಿ ಎಂಬುದನ್ನು ನೆನಪಿಸಬೇಕು. 2003ರಲ್ಲಿ ತಲೆಗೆ ಪೆಟ್ಟು ಬಿದ್ದು ಅವರ ಕುಸ್ತಿ ಜೀವನ ಮುಗಿದಿತ್ತು. ತಲೆನೋವು ಬಿಡದಿದ್ದಾಗ ಆ ವಿಷಯವನ್ನೇ ಓದಿ, ವೈದ್ಯ ರಾಬರ್ಟ್ ಕ್ಯಾಂಟು ಅವರ ಜೊತೆ ಸೇರಿ ಸಂಸ್ಥೆ ಕಟ್ಟಿದರು. ನಿಮ್ಮ ಆರೋಗ್ಯ ನಿಯಮಗಳಲ್ಲಿ ಏನಾದರೂ ಒಳ್ಳೆಯದಿದ್ದರೆ ಅದರ ಹಿಂದೆ ಇಂಥ ಗಾಯಗೊಂಡ ಹಟಮಾರಿಗಳಿದ್ದಾರೆ.

2008ರಿಂದ ಮಿದುಳಿನ ಪೆಟ್ಟಿಗೆ ಕಂಪ್ಯೂಟರ್ ಆಧಾರಿತ ಪರೀಕ್ಷೆ. 2010ರಲ್ಲಿ ತಲೆಗೆ ಕುರ್ಚಿಯಿಂದ ಹೊಡೆಯುವುದಕ್ಕೆ ನಿಷೇಧ. ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ಪೈಲ್‌ಡ್ರೈವರ್ ಹೆಚ್ಚೂಕಡಿಮೆ ಕಣ್ಮರೆಯಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ನೇರ ಪ್ರಸಾರದ ನಡುವೆಯೇ ನಿರೂಪಕ ಜೆರ್ರಿ ಲಾಲರ್ ಹೃದಯಾಘಾತದಿಂದ ಕುಸಿದಾಗ ನಿಮ್ಮ ವೈದ್ಯರು ಕೆಲವೇ ಹೆಜ್ಜೆ ದೂರದಲ್ಲಿದ್ದರು, ಬದುಕಿಸಿದರು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಡೇನಿಯಲ್ ಬ್ರಯನ್ ಪ್ರಕರಣ. ಜನ ಅವರಿಗಾಗಿ ಹುಚ್ಚೆದ್ದು ಕೂಗುತ್ತಿದ್ದ ಕಾಲ. ಅವರಿಗೂ ಆಡುವ ಹಂಬಲ. ನಿಮ್ಮ ವೈದ್ಯರು ಒಪ್ಪಲಿಲ್ಲ. 2016ರಲ್ಲಿ ಅಳುತ್ತ ನಿವೃತ್ತಿ ಘೋಷಿಸಿದರು, ಹಲವು ತಜ್ಞರ ಪರೀಕ್ಷೆಗಳ ನಂತರವೇ 2018ರಲ್ಲಿ ಮರಳಿದರು. ಗಲ್ಲಾಪೆಟ್ಟಿಗೆಯನ್ನು ಬದಿಗಿಟ್ಟು ವೈದ್ಯನ ಮಾತು ಕೇಳಿದ ಆ ಕಂಪನಿಯೇ ಓವನ್ ಬಿದ್ದ ರಾತ್ರಿಯ ಕಂಪನಿ ಎಂದು ನಂಬುವುದು ಕಷ್ಟ.

ಹಾಗಾದರೆ ದೂರು ಏನು? ನಿಮ್ಮ ಕಾಳಜಿ ಒಪ್ಪಂದದ ಕೊನೆಯ ದಿನಕ್ಕೆ ಮುಗಿಯುತ್ತದೆ. ಉಮಾಗಾ ನೆನಪಿದೆಯೇ? ಎರಡನೆಯ ಬಾರಿ ತಪಾಸಣೆಯಲ್ಲಿ ಸಿಕ್ಕಿಬಿದ್ದರು, ಚಿಕಿತ್ಸಾ ಕೇಂದ್ರಕ್ಕೆ ಹೋಗಲು ಒಪ್ಪಲಿಲ್ಲ, 2009ರ ಜೂನ್‌ನಲ್ಲಿ ಕೆಲಸದಿಂದ ತೆಗೆದಿರಿ. ನಿಯಮದ ಪ್ರಕಾರ ಸರಿ. ಅದೇ ಡಿಸೆಂಬರ್‌ನಲ್ಲಿ ಸತ್ತರು, 36 ವರ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಟೆಸ್ಟ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಆಂಡ್ರ್ಯೂ ಮಾರ್ಟಿನ್, 33; ಅವರ ಮಿದುಳಿನಲ್ಲೂ ಸಿಟಿಇ ಸಿಕ್ಕಿತು. ಇಬ್ಬರೂ ನಿಮ್ಮ ಪಟ್ಟಿಯಲ್ಲಿರಲಿಲ್ಲ. ಹಿಂದೆ ನಿಮ್ಮಲ್ಲಿ ಆಡಿದ ಯಾರಿಗೇ ಆದರೂ ವ್ಯಸನಮುಕ್ತಿ ಚಿಕಿತ್ಸೆಯ ಖರ್ಚು ಕೊಡುತ್ತೇವೆಂದು 2007ರಲ್ಲಿ ಪತ್ರ ಬರೆದಿರಿ, ಅದು ಒಳ್ಳೆಯ ಕೆಲಸ. ಆದರೆ ಹೃದಯಕ್ಕೆ? ಮೊಣಕಾಲಿಗೆ? ಐವತ್ತರಲ್ಲೇ ಹೆಂಡತಿಯ ಹೆಸರು ಮರೆಯತೊಡಗಿದ ಮಿದುಳಿಗೆ?

ನಿಮ್ಮ ಕುಸ್ತಿಪಟು ಎಲ್ಲಿ ಆಡಬೇಕು, ಏನು ಧರಿಸಬೇಕು, ಏನೆಂದು ಕರೆಸಿಕೊಳ್ಳಬೇಕು, ಯಾವಾಗ ಸೋಲಬೇಕು ಎಂಬುದೆಲ್ಲ ನಿಮ್ಮ ತೀರ್ಮಾನ. ಆದರೂ ಕಾಗದದ ಮೇಲೆ ಅವನು ‘ಸ್ವತಂತ್ರ ಗುತ್ತಿಗೆದಾರ’. ರಿಂಗಿನಲ್ಲಿ ಮುರಿದ ಮೂಳೆಗೆ ಶಸ್ತ್ರಚಿಕಿತ್ಸೆ ನಿಮ್ಮದು, ಉಳಿದ ಆರೋಗ್ಯ ವಿಮೆ ಅವನದು, ಪಿಂಚಣಿ ಯಾರದೂ ಅಲ್ಲ. ಈ ಜಾಣತನ ಬೆಂಗಳೂರಿನವರಿಗೆ ಹೊಸದಲ್ಲ. ಮಳೆಯಲ್ಲಿ ನೆನೆದು ಊಟ ತಲುಪಿಸುವ ಹುಡುಗನನ್ನು ಇಲ್ಲಿಯೂ ಕಂಪನಿಗಳು ‘ಪಾರ್ಟ್‌ನರ್’ ಎನ್ನುತ್ತವೆ. 2025ರಲ್ಲಿ ಕರ್ನಾಟಕ ಅಂಥವರಿಗಾಗಿ ಕಾನೂನು ತಂದು, ಪ್ರತಿ ವ್ಯವಹಾರದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಂಪನಿಗಳಿಂದ ವಸೂಲು ಮಾಡುವ ದಾರಿ ಮಾಡಿದೆ. ನಿಮ್ಮಲ್ಲಿ ಸಂಘ ಕಟ್ಟೋಣ ಎಂದು 1986ರಲ್ಲೇ ಕುಸ್ತಿಪಟು ಜೆಸ್ಸಿ ವೆಂಚುರಾ ಹೇಳಿದ್ದರು. ಆ ಸುದ್ದಿ ಯಜಮಾನರ ಕಿವಿಗೆ ಬಿತ್ತು, ಅಲ್ಲಿಗೆ ಮುಗಿಯಿತು. ತಲೆಗೆ ಬಿದ್ದ ಪೆಟ್ಟುಗಳಿಗೆ ನೀವೇ ಹೊಣೆ ಎಂದು ಐವತ್ತಕ್ಕೂ ಹೆಚ್ಚು ಹಳೆಯ ಕುಸ್ತಿಪಟುಗಳು ಹೂಡಿದ್ದ ದಾವೆ 2018ರಲ್ಲಿ ವಜಾ ಆಯಿತು. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಕೊಳ್ಳಲೂ ಒಪ್ಪಲಿಲ್ಲ. ಕಾನೂನಿನ ಲೆಕ್ಕದಲ್ಲಿ ಗೆದ್ದಿದ್ದೀರಿ. ಹಾಗಾಗಿ ನಾನು ಕಾನೂನನ್ನು ಹಿಡಿದು ಮಾತನಾಡುತ್ತಿಲ್ಲ.

ನೆಟ್‌ಫ್ಲಿಕ್ಸ್ ಜೊತೆ ಹತ್ತು ವರ್ಷಕ್ಕೆ 500 ಕೋಟಿ ಡಾಲರ್‌ಗಳ ಒಪ್ಪಂದ ನಿಮ್ಮದು. ಹಳೆಯ ಪಂದ್ಯಗಳನ್ನು ನೀವು ಇಂದಿಗೂ ಮಾರುತ್ತೀರಿ, ವಿಡಿಯೊ ಗೇಮ್‌ಗಳಲ್ಲಿ ಹಳೆಯ ಮುಖಗಳನ್ನು ಕುಣಿಸುತ್ತೀರಿ, ಅಂಗಡಿಯಲ್ಲಿ ಅವರ ಗೊಂಬೆಗಳಿವೆ. ಸತ್ತವರು ನಿಮಗಾಗಿ ಇನ್ನೂ ದುಡಿಯುತ್ತಿದ್ದಾರೆ. ಆ ದುಡಿಮೆಯಿಂದ ಒಂದು ಪಾಲು ತೆಗೆದಿಟ್ಟು, ನಿಮ್ಮ ರಿಂಗಿನಲ್ಲಿ ಇಂತಿಷ್ಟು ವರ್ಷ ಬಿದ್ದವರಿಗೆ ಜೀವಮಾನವಿಡೀ ವೈದ್ಯಕೀಯ ವೆಚ್ಚ ಕೊಡಿ. ಈಗ ಆಡುತ್ತಿರುವವರನ್ನು ನೌಕರರೆಂದು ಒಪ್ಪಿಕೊಳ್ಳಿ. ಪ್ರತಿ ವರ್ಷ ಎಷ್ಟು ತಪಾಸಣೆ ಮಾಡಿದಿರಿ, ಎಷ್ಟು ಜನ ಸಿಕ್ಕಿಬಿದ್ದರು, ಮಿದುಳಿನ ಪೆಟ್ಟಿನಿಂದ ಎಷ್ಟು ಜನ ಹೊರಗೆ ಕೂತರು ಎಂಬ ಲೆಕ್ಕವನ್ನು ಹೆಸರುಗಳಿಲ್ಲದೆ ಪ್ರಕಟಿಸಿ. ಮತ್ತು 1989ರಲ್ಲಿ ಹೊರಗೆ ಕಳಿಸಿದ ಆ ಸರ್ಕಾರಿ ವೈದ್ಯನನ್ನು, ನಿಮ್ಮಿಂದ ಸಂಬಳ ಪಡೆಯದ ವೈದ್ಯನನ್ನು, ನೀವಾಗಿಯೇ ಒಳಗೆ ಕರೆಯಿರಿ. ದೊಡ್ಡವರಾದ ನೀವು ಮಾಡಿದರೆ ಸಣ್ಣವರು ಕಲಿಯುತ್ತಾರೆ. 2015ರಲ್ಲಿ ಮೆಕ್ಸಿಕೊದ ತಿಹುವಾನಾದಲ್ಲಿ ಕುಸ್ತಿಪಟು ಪೆರ್ರೊ ಅಗುವಾಯೊ ಜೂನಿಯರ್ ಕುತ್ತಿಗೆ ಮುರಿದು ಹಗ್ಗಕ್ಕೆ ಒರಗಿದ್ದಾಗ ಪಂದ್ಯ ಅವರ ಪಕ್ಕದಲ್ಲೇ ಮುಂದುವರಿದಿತ್ತು. ನಮ್ಮ ದೇಶದಲ್ಲೂ ಈಗ ಈ ಕಸುಬು ಕಲಿಯುವ ಹುಡುಗರಿದ್ದಾರೆ. ಜಲಂಧರದಲ್ಲಿ ಗ್ರೇಟ್ ಖಲಿ ಶಾಲೆಯನ್ನೇ ತೆರೆದಿದ್ದಾರೆ. 2001ರಲ್ಲಿ ಕ್ಯಾಲಿಫೋರ್ನಿಯಾದ ತರಬೇತಿ ಶಾಲೆಯಲ್ಲಿ ಅದೇ ಖಲಿ ಜೊತೆ ಅಭ್ಯಾಸ ಮಾಡುವಾಗ ಸಹಪಾಠಿಯೊಬ್ಬ ತಲೆಗೆ ಪೆಟ್ಟಾಗಿ ಸತ್ತ. ಅದಕ್ಕೂ ಮುಂಚೆಯೇ ಆ ಹುಡುಗನ ತಲೆಗೆ ಪೆಟ್ಟಾಗಿತ್ತು, ಆದರೂ ಅಭ್ಯಾಸಕ್ಕೆ ಇಳಿಸಿದ್ದರು. ನ್ಯಾಯಾಲಯ ತಪ್ಪು ಶಾಲೆಯದೆಂದು ಹೇಳಿತು.

ಈ ಪತ್ರವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಎಂಬತ್ತರ ಹತ್ತಿರದ ಅವರಿಗೆ ಈಗ ಕಿವಿ ಮಂದ. ಎರಡೆರಡು ಸಲ ಓದಬೇಕಾಯಿತು. ನಾಟಕ ಎಂದು ಈ ಸಲ ಅನ್ನಲಿಲ್ಲ. ನಮ್ಮ ರಾಜ್ಯ ಸರ್ಕಾರ ಮಾಜಿ ಪೈಲ್ವಾನರಿಗೆ ತಿಂಗಳಿಗೊಂದಿಷ್ಟು ಮಾಸಾಶನ ಕೊಡುತ್ತದೆ, ಅವರಿಗೂ ಬರುತ್ತದೆ. ಸಣ್ಣ ಮೊತ್ತ, ಹಾಲು, ಬಾದಾಮಿಗೆ ಸಾಲದು ಎಂದು ನಗುತ್ತಾರೆ. ಗುಡ್ಡೆಯ ಮೇಲಿದ್ದ ಬಿಗ್ ಬಾಸ್ ಮ್ಯಾನ್ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಇವನ ಮನೆಯವರಿಗೆ ಏನಾದರೂ ಬರುತ್ತದೇನೋ?” ಎಂದು ಕೇಳಿದರು. ಅವರಿಗೆ ನಾನು ಏನೆಂದು ಹೇಳಲಿ, ಬರೆದು ತಿಳಿಸಿ.

ಇಂತಿ,
ನಿಮ್ಮ ಹಳೆಯ ಪ್ರೇಕ್ಷಕ,
ದಾವಣಗೆರೆ